ಕಪಾಟಿನೊಳಗಿನ ಕಿತ್ತಳೆ ದೀಪ

ನಾನು ಓದಿದ್ದು ಬಿ.ಕಾಂ., ಹೊಟ್ಟೆಪಾಡು ಬ್ಯಾಂಕಿನಲ್ಲಿ. ಕಂಪ್ಯೂಟರ್ ಅಂದರೆ ನನಗೆ ಕಣ್ಣೆದುರಿನ ಪರದೆ ಮಾತ್ರ. ಅಂಥವನು ಇವತ್ತು 'ಸಿಸ್‌ಲಾಗ್' ಬಗ್ಗೆ ಬರೆಯಲು ಕೂತಿದ್ದೇನೆಂದರೆ ನಿಮಗೆ ನಗು ಬರಬಹುದು. ನಗಿ, ಆದರೆ ಪೂರ್ತಿ ಓದಿ. ನಿಮ್ಮೂರ ಸಂಘದ ಕಪಾಟಿನಲ್ಲೂ ಇಂಥದೊಂದು ಪೆಟ್ಟಿಗೆ ಇದ್ದೀತು.

ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಕನ್ನಡ ಬಳಗ ಇದೆ. ನಾಟಕ, ಯಕ್ಷಗಾನ, ರಾಜ್ಯೋತ್ಸವ ಅಂತ ಹಳೆಯ ಫೋಟೋ ಆಲ್ಬಮ್ಮುಗಳೆಲ್ಲ ಕಲ್ಯಾಣದ ಸದಸ್ಯರೊಬ್ಬರ ನೆಲಮಹಡಿಯ ಮನೆಯಲ್ಲಿದ್ದವು. 2005ರ ಜುಲೈ 26 ನೆನಪಿದೆಯಲ್ಲ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ. ಇತ್ತ ಉಲ್ಹಾಸ್ ನದಿ ಉಕ್ಕಿತು. ಅರ್ಧಕ್ಕರ್ಧ ಆಲ್ಬಮ್ಮುಗಳು ನೀರುಪಾಲಾದವು. ಉಳಿದದ್ದನ್ನು ಸ್ಕ್ಯಾನ್ ಮಾಡಿ 2016ರಲ್ಲಿ ಒಂದು 'ನ್ಯಾಸ್' ಪೆಟ್ಟಿಗೆಗೆ ಹಾಕಿದರು.

ನ್ಯಾಸ್ ಅಂದರೆ ನೆಟ್‌ವರ್ಕಿಗೆ ಜೋಡಿಸಿದ ಸಂಗ್ರಹ ಪೆಟ್ಟಿಗೆ. ನಮ್ಮದರಲ್ಲಿ ಎರಡು ಡಿಸ್ಕು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತದೆ. ಒಂದು ಸತ್ತರೂ ಇನ್ನೊಂದು ಕೆಲಸ ನಡೆಸುತ್ತದೆ. ಅಪಾಯ ಇರುವುದೂ ಅಲ್ಲೇ ನೋಡಿ. ಎಲ್ಲ ಸರಿಯಾಗಿಯೇ ನಡೆಯುವುದರಿಂದ ಒಂದು ಸತ್ತದ್ದು ಯಾರಿಗೂ ಗೊತ್ತಾಗುವುದಿಲ್ಲ. ಎರಡನೆಯದೂ ಹೋದ ದಿನ ಎಲ್ಲವೂ ಹೋಯಿತು.

2022ರ ಮಳೆಗಾಲದಲ್ಲಿ ಯಾರೋ ಕಪಾಟು ತೆರೆದಾಗ ಕಿತ್ತಳೆ ದೀಪ ಮಿನುಗುತ್ತಿತ್ತು. ಒಂದು ಡಿಸ್ಕು ಸತ್ತು ಐದು ತಿಂಗಳಾಗಿತ್ತು! ಪಾಪ, ಪೆಟ್ಟಿಗೆ ಸುಮ್ಮನಿರಲಿಲ್ಲ, ಇ-ಮೇಲ್ ಕಳಿಸುತ್ತಲೇ ಇತ್ತು... ನಿವೃತ್ತರಾಗಿ ಊರು ಸೇರಿದ್ದ ಹಿಂದಿನ ಕಾರ್ಯದರ್ಶಿಯ ವಿಳಾಸಕ್ಕೆ. ಅವರು ಆ ಮೇಲ್ ತೆರೆಯುವುದನ್ನೇ ಬಿಟ್ಟಿದ್ದರು.

ಹೊಸ ಡಿಸ್ಕು ಹಾಕಿ, ಎಲ್ಲದರ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿಟ್ಟದ್ದಾಯಿತು. ಜೋಡಿ ಡಿಸ್ಕು ಬ್ಯಾಕಪ್ ಅಲ್ಲ, ಇದನ್ನು ಮರೆಯಬೇಡಿ. ಸೂಚನೆಗಳ ಕೆಲಸಕ್ಕೆ ಬಂದವನು ಐರೋಲಿಯ ಡೇಟಾ ಸೆಂಟರಿನಲ್ಲಿ ದುಡಿಯುವ ನಮ್ಮ ಬಳಗದ ಹುಡುಗ. ಜತೆಗೆ ಕೂತವನು ನಾನು.

"ಅಂಕಲ್, ಎಲ್ಲಾ ಆನ್ ಮಾಡಿಬಿಡ್ತೇನೆ" ಅಂದ. ಎರಡೇ ದಿನದಲ್ಲಿ ಮೇಲ್ ಪೆಟ್ಟಿಗೆ ತುಂಬಿತು. ಯಾರು ಒಳಬಂದರು, ಯಾವ ಫೈಲು ತೆರೆದರು, ಎಲ್ಲಕ್ಕೂ ಒಂದೊಂದು ಮೇಲ್. "ಮಾರಾಯ, ಬ್ಯಾಂಕಿನಲ್ಲಿ ಎಲ್ಲಾ ವೋಚರನ್ನೂ ಮ್ಯಾನೇಜರನ ಮೇಜಿಗೆ ಸುರಿದರೆ ಅವನು ಒಂದನ್ನೂ ಓದುವುದಿಲ್ಲ. ಅದಕ್ಕೇ ಎಕ್ಸೆಪ್ಶನ್ ರಿಪೋರ್ಟ್ ಅಂತ ಇರುವುದು" ಅಂದೆ.

ಆಗ ಅವನು ವಿವರಿಸಿದ. 1980ರ ದಶಕದಲ್ಲಿ ಎರಿಕ್ ಆಲ್ಮನ್ ಎಂಬವರು ತಮ್ಮ ಸೆಂಡ್‌ಮೇಲ್ ತಂತ್ರಾಂಶಕ್ಕಾಗಿ ಮಾಡಿದ್ದು ಈ ಸಿಸ್‌ಲಾಗ್. ಪ್ರತಿ ಸಂದೇಶಕ್ಕೂ 0ರಿಂದ 7ರವರೆಗೆ ಒಂದು ದರ್ಜೆ. 0 ಅಂದರೆ ಯಂತ್ರವೇ ಕೈಕೊಟ್ಟ ತುರ್ತು, 3 ದೋಷ, 4 ಎಚ್ಚರಿಕೆ, 6 ಬರೀ ಮಾಹಿತಿ, 7 ತಂತ್ರಜ್ಞರಿಗೆ ಮಾತ್ರ ಬೇಕಾದ ವಿವರ. ಅಂಕಿ ಸಣ್ಣದಾದಷ್ಟೂ ಗಂಡಾಂತರ ದೊಡ್ಡದು. ನಾವು 0ರಿಂದ 4ರವರೆಗಿನದು ಮಾತ್ರ ಮೇಲ್‌ಗೆ ಹೋಗುವಂತೆ ಮಾಡಿದೆವು.

ಉಳಿದದ್ದನ್ನು ಎಸೆಯಲಿಲ್ಲ. ಎಲ್ಲ ಸಂದೇಶಗಳ ಪ್ರತಿಯೂ ಪಕ್ಕದ ಕೋಣೆಯ ಹಳೇ ಕಂಪ್ಯೂಟರಿಗೆ ಹೋಗುತ್ತದೆ. ಯಂತ್ರ ಕೆಟ್ಟರೆ ಅದರ ದಿನಚರಿಯೂ ಅದರೊಂದಿಗೇ ಹೋಗಬಾರದಲ್ಲ? 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶ್ ಬ್ಯಾಂಕಿನ 8.1 ಕೋಟಿ ಡಾಲರ್ ಫಿಲಿಪೀನ್ಸ್ ಸೇರಿದಾಗ, ಕಳ್ಳರ ತಂತ್ರಾಂಶ ಅಲ್ಲಿನ ಕಂಪ್ಯೂಟರಿನ ದಾಖಲೆಗಳನ್ನೇ ಅಳಿಸಿತ್ತು. ಕ್ಯಾಷಿಯರನ ಲೆಕ್ಕವನ್ನು ಕ್ಯಾಷಿಯರನೇ ತನಿಖೆ ಮಾಡಬಾರದು ಎನ್ನುವ ನಮ್ಮ ಹಳೇ ನಿಯಮ ಇಲ್ಲಿಗೂ ಸರಿ. ನಮ್ಮ ದೇಶದಲ್ಲೂ ಸರ್ಟ್-ಇನ್ 2022ರ ಏಪ್ರಿಲ್ 28ರ ಆದೇಶದಲ್ಲಿ ಕಂಪನಿ, ಡೇಟಾ ಸೆಂಟರ್, ಸರಕಾರಿ ಸಂಸ್ಥೆಗಳಿಗೆ ಲಾಗುಗಳನ್ನು 180 ದಿನ ಭದ್ರವಾಗಿಡಲು ಹೇಳಿತು. ನಮ್ಮ ಪೆಟ್ಟಿಗೆಗೂ ಅದೇ 180 ದಿನ ಇಟ್ಟೆವು.

ಮೇಲ್ ಯಾರಿಗೆ ಹೋಗಬೇಕು ಎಂಬಲ್ಲಿ ಮಾತ್ರ ನಾನು ಹಟ ಹಿಡಿದೆ. ಬ್ಯಾಂಕಿನಲ್ಲಿ ಕಾಗದ ಬರುವುದು ಕುರ್ಚಿಗೆ, ವ್ಯಕ್ತಿಗಲ್ಲ. ವರ್ಗವಾದವನು ಬೀಗದ ಕೈಗಳನ್ನು ಸಹಿ ಮಾಡಿಯೇ ಒಪ್ಪಿಸಬೇಕು. ಹಾಗೆಯೇ 'ಕಾರ್ಯದರ್ಶಿ' ಹೆಸರಿನಲ್ಲೇ ಒಂದು ವಿಳಾಸ ಮಾಡಿದೆವು. ಜತೆಗೆ ಖಜಾಂಚಿಗೂ ಒಂದು ಪ್ರತಿ. ಹೊಸ ಸಮಿತಿ ಬಂದಾಗ ಪಾಸ್‌ವರ್ಡ್ ಹಸ್ತಾಂತರ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು.

ಇನ್ನೊಂದು ಮಾತು. ಪೂರ್ತಿ ಸತ್ತ ಪೆಟ್ಟಿಗೆ "ನಾನು ಸತ್ತೆ" ಅಂತ ಮೇಲ್ ಕಳಿಸುವುದಿಲ್ಲ. ಅದಕ್ಕೆ ಪ್ರತಿ ಸೋಮವಾರ "ಚೆನ್ನಾಗಿದ್ದೇನೆ" ಅಂತ ಒಂದು ಸಂದೇಶ ಬರುವಂತೆ ಮಾಡಿದೆವು. ರಾತ್ರಿ ಗೂರ್ಖಾನ ಕೋಲಿನ ಸದ್ದು ಕೇಳುವವರೆಗೆ ನಮಗೆ ನಿದ್ದೆ, ಕೇಳದಿದ್ದರೆ ಎಚ್ಚರ, ಹಾಗೆ. ಸೋಮವಾರದ ಮೇಲ್ ಬಾರದಿದ್ದರೆ ಯಾರಾದರೂ ಹೋಗಿ ಕಪಾಟು ತೆರೆಯಬೇಕು.

2024ರ ಜುಲೈಯಲ್ಲಿ ಕಾರ್ಯದರ್ಶಿಗೆ 4ನೇ ದರ್ಜೆಯ ಮೇಲ್ ಬಂತು. ಹಳೆಯ ಡಿಸ್ಕಿನಲ್ಲಿ ಕೆಟ್ಟ ಭಾಗಗಳು ಹೆಚ್ಚುತ್ತಿವೆ ಅಂತ. ಸಾಯುವ ಮೊದಲೇ ಬದಲಾಯಿಸಿದರು. ಆ ಹೊತ್ತಿಗೆ ಕಾರ್ಯದರ್ಶಿ ಬೇರೆಯವರಾಗಿದ್ದರು. ಲಾಗ್ ಅಂದರೇನೆಂದು ಅವರಿಗೆ ಈಗಲೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಮೇಲ್ ಬಂತು, ಓದಿದರು, ಹುಡುಗನಿಗೆ ಫೋನ್ ಮಾಡಿದರು. ಅಷ್ಟೇ ಸಾಕಿತ್ತು.

ನಿಮ್ಮ ಸಂಘದ ಪೆಟ್ಟಿಗೆಯ ಮೇಲ್ ಯಾರಿಗೆ ಹೋಗುತ್ತಿದೆ? ಈ ಭಾನುವಾರ ಒಮ್ಮೆ ವಿಚಾರಿಸಿ ನೋಡಿ.