ರೊಟ್ಟಿ ಉಳೀತು, ಖಾನಾವಳಿ ಹೋಯ್ತು

ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಇಂಡಿ, ಸಿಂದಗಿಯವರಷ್ಟೇ ಅಲ್ಲ, ಮಂಗಳವೇಢೆ, ಭೀಮೆಯ ಆಚೆ ದಂಡೆಯ ಸೊಲ್ಲಾಪುರ ಕಡೆಯ ಬೀಗರೂ ಜವಳಿಗೆಂದು ಚಡಚಣಕ್ಕೇ ಗಾಡಿ ಕಟ್ಟುತ್ತಾರೆ. ಜವಳಿ ವ್ಯಾಪಾರ ಇವತ್ತಿಗೂ ಜೋರಾಗಿದೆ. ಆದರೆ ಸೀರೆ ಆರಿಸಿ, ದರಕ್ಕೆ ಜಗ್ಗಾಡಿ, ಗಂಟು ಕಟ್ಟಿಸಿಕೊಂಡ ಮೇಲೆ ಹಸಿದ ಮಂದಿ ಸೀದಾ ನಡೆಯುತ್ತಿದ್ದ ಹಳೆಯ ಖಾನಾವಳಿಗಳು ಮಾತ್ರ ಒಂದೊಂದಾಗಿ ಮರೆಯಾಗುತ್ತಿವೆ.

ದೊಡ್ಡ ಊರಿನ ದೊಡ್ಡ ಹೋಟೆಲುಗಳಲ್ಲಿ ಊಟಕ್ಕೆ ಒಂದು ಶಿಸ್ತು ಇರುತ್ತದಂತೆ. ನಮ್ಮ ಖಾನಾವಳಿಗೂ ಇತ್ತು. ಮೊದಲು ಕೈಕಾಲಿಗೆ ತಂಬಿಗೆ ನೀರು. ಗೋಡೆಗುಂಟ ಹಾಸಿದ ಪಟ್ಟಿಯ ಮೇಲೆ ಕುಂತರೆ ಮುಂದೆ ಗಂಗಾಳ. ಅದರ ಅಂಚಿಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಚೂರು ರಂಜಕ. ಪಕ್ಕಕ್ಕೆ ಹಕ್ಕರಕಿ ಸೊಪ್ಪು, ಹಸಿ ಉಳ್ಳಾಗಡ್ಡಿ. ಆಮೇಲೆ ಎಣ್ಣೆಗಾಯಿ, ಮಡಕಿಕಾಳು ಪಲ್ಯ, ಕೊನೆಗೆ ಕೆನೆಮೊಸರು. ಅಮಾವಾಸ್ಯೆ, ಹುಣ್ಣಿಮೆಗೆ ಗೋಧಿ ಹುಗ್ಗಿಯೋ ಶೇಂಗಾ ಹೋಳಿಗೆಯೋ. ಮೆನು ಕಾರ್ಡು ಇರಲಿಲ್ಲ. ಆ ದಿನ ಸಂತೆಗೆ ಏನು ಬಂದಿದೆಯೋ ಅದೇ ಪಲ್ಯ.

ಒಳಗೆ ಒಲೆಯ ಮುಂದೆ ಅವ್ವನ ಕೈ ನಿಲ್ಲುತ್ತಿರಲಿಲ್ಲ. ಜೋಳದ ಹಿಟ್ಟಿಗೆ ಗೋಧಿಯ ಅಂಟು ಇಲ್ಲ, ಕುದಿಯುವ ಎಸರು ಹುಯ್ದರಷ್ಟೇ ಅದು ಹಿಡಿತಕ್ಕೆ ಬರುತ್ತದೆ. ಹಿಟ್ಟು ಹಳೆಯದಾಗಿ ಜಿಗಿ ಹೋಯಿತೋ, ಬಡಿಯುವಾಗಲೇ ಅಂಚು ಒಡೆಯುತ್ತದೆ. ಅದಕ್ಕೇ ಮಾಲದಂಡಿ ಜೋಳವನ್ನು ಬೇಕಾದಷ್ಟೇ ಬೀಸಿಸುತ್ತಿದ್ದರು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ತಿರುವಿ ಹಾಕಿ, ಕೆಂಡದ ಮುಂದೆ ಆನಿಸಿ ನಿಲ್ಲಿಸಿದರೆ ಅದು ಉಬ್ಬಿ ಎರಡು ಪದರಾಗುತ್ತಿತ್ತು. ಉಬ್ಬು ಇಳಿಯುವ ಮೊದಲೇ ಗಂಗಾಳಕ್ಕೆ.

"ತಮ್ಮಾ, ಇನ್ನೊಂದ ಹಾಕಲೇನು?"

"ಸಾಕವ್ವಾ."

"ಅರ್ಧಾರ ತಗೋ. ಊರ ದೂರ ಐತಿ."

ಬೇಡವೆಂದರೂ ಆ ಅರ್ಧ ಬಂದೇ ಬೀಳುತ್ತಿತ್ತು. ಅದಕ್ಕೆ ಲೆಕ್ಕವಿಲ್ಲ. ಲೆಕ್ಕವೇನಿದ್ದರೂ ಗೋಡೆಯ ಮೊಳೆಗೆ ನೇತುಹಾಕಿದ ವಹಿಯಲ್ಲಿ, ತಿಂಗಳಿಗೊಮ್ಮೆ ಹಣ ಕೊಡುವ ಮಾಸ್ತರರದು, ಬ್ಯಾಂಕಿನವರದು, ಕಾಲೇಜು ಹುಡುಗರದು. ಯಾರಿಗೆ ಖಾರ ಆಗದು, ಯಾರದು ಸೋಮವಾರ ಒಪ್ಪತ್ತು ಎಂಬುದನ್ನು ಮಾತ್ರ ಅವ್ವ ಎಲ್ಲೂ ಬರೆದಿಡುತ್ತಿರಲಿಲ್ಲ. ಗಂಡನನ್ನು ಕಳೆದುಕೊಂಡು, ಇದೇ ಒಲೆಯ ಮುಂದೆ ಕುಂತು ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಸೀಮೆಯಲ್ಲಿ ಕಡಿಮೆಯಿಲ್ಲ.

ಹಳೆಯದೆಲ್ಲ ಚಲೋ ಇತ್ತೆಂದು ನಾನು ಹೇಳಲಾರೆ. ಖಾನಾವಳಿಯ ಬೋರ್ಡಿನ ಮೇಲೆ ಜಾತಿಯ ಹೆಸರಿರುತ್ತಿತ್ತು. ಅದನ್ನು ನೋಡಿಯೇ ಹೊಸ್ತಿಲ ಹೊರಗೆ ಉಳಿದವರಿದ್ದರು. ಆ ಬೋರ್ಡು ಇಳಿದದ್ದಕ್ಕೆ ನನಗೆ ದುಃಖವಿಲ್ಲ. ಒಲೆ ಆರಿದ್ದಕ್ಕೆ ದುಃಖ.

ಆರಿದ್ದಕ್ಕೆ ಕಾರಣಗಳಿವೆ. ನೀರು ಬಂದ ಹೊಲಗಳಲ್ಲಿ ಕಬ್ಬು, ದ್ರಾಕ್ಷಿ, ಲಿಂಬೆ ನಿಂತವು, ಜೋಳ ಹಿಂದೆ ಸರಿಯಿತು. ದಿನಕ್ಕೆ ನೂರಾರು ರೊಟ್ಟಿ ಬಡಿಯುವ ಕೈಗಳಿಗೆ ಕೂಲಿ ಕೊಟ್ಟರೆ ಉಳಿಯುವುದು ಅಷ್ಟಕ್ಕಷ್ಟೆ. ಓದಿದ ಮಗಳು ಹೊಗೆಯ ಮುಂದೆ ಕೂಡ್ರಲಿ ಎಂದು ಯಾವ ತಾಯಿಯೂ ಬಯಸಳು, ಬಯಸಲೂಬಾರದು. ವಿಜಯಪುರ–ಸೊಲ್ಲಾಪುರ ಹೆದ್ದಾರಿ ಅಗಲವಾದಂತೆ ಜನ ಗಾಡಿ ನಿಲ್ಲಿಸುವುದೂ ಢಾಬಾಗಳ ಮುಂದೆ. ಗೋಳಗುಮ್ಮಟ ನೋಡಲು ವಿಜಯಪುರಕ್ಕೆ ಬಂದವರು ಎಸಿ ರೂಮಿನಲ್ಲಿ ಪನೀರ್ ಉಂಡು ಹೋಗುತ್ತಾರೆ.

ಇತ್ತ ರೊಟ್ಟಿಗೆ ಶುಕ್ರದೆಸೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು, ಜೋಳಕ್ಕೂ ಮರ್ಯಾದೆ ಬಂತು. ಕಡಕ್ ರೊಟ್ಟಿ ಪಾಕೀಟಿನಲ್ಲಿ ಬೆಂಗಳೂರು, ಪುಣೆ ಸೇರುತ್ತಿದೆ. ಮಷೀನಿನ ರೊಟ್ಟಿ ದುಂಡಗಿದೆ, ಸಮನಾಗಿದೆ, ಅದನ್ನು ದೂರಲಾರೆ. ಆದರೆ ಉಣ್ಣುವವನ ಮುಖ ನೋಡಿ ಅರ್ಧ ರೊಟ್ಟಿ ಹೆಚ್ಚಿಗೆ ಹಾಕುವ ಮಷೀನು ಇನ್ನೂ ಬಂದಿಲ್ಲ.

ನಮ್ಮ ನೆರೆಯ ಹಲಸಂಗಿಯ ಮಧುರಚೆನ್ನರು, ಇದೇ ಚಡಚಣದಲ್ಲಿ ಹುಟ್ಟಿದ ಸಿಂಪಿ ಲಿಂಗಣ್ಣನವರು, ಅವರ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಬೀಸುಕಲ್ಲಿನ ಹಾಡು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. ಆಮೇಲೆ ಮನೆಯ ಬೀಸುಕಲ್ಲು ನಿಂತಿತು, ಹಾಡು ಪುಸ್ತಕದಲ್ಲಿ ಉಳಿಯಿತು. ಖಾನಾವಳಿಗೆ ಅಂಥ ಗೆಳೆಯರು ಇನ್ನೂ ಸಿಕ್ಕಿಲ್ಲ.

ಈ ಸೀಮೆಯ ಕಾಲೇಜುಗಳಲ್ಲಿ ಕನ್ನಡ ಕಲಿಸುವವರಿಗೆ, ಕಲಿಯುವವರಿಗೆ ನನ್ನದೊಂದು ವಿನಂತಿ. ಖಾನಾವಳಿ ನಡೆಸಿದ ಅವ್ವಂದಿರು ಇನ್ನೂ ಕೆಲವರಾದರೂ ನಮ್ಮ ನಡುವೆ ಇದ್ದಾರೆ. ಅವರ ಮುಂದೆ ಕುಂತು ಹಿಂಡಿಯ ಹದ, ವಹಿಯ ಲೆಕ್ಕ, ಬಾಳಿನ ಕತೆ ಎಲ್ಲ ಬರೆದುಕೊಳ್ಳಿ. ತಡ ಮಾಡಬೇಡಿ.