ಕಿರೀಟವಿಲ್ಲದ ವೇಷ

ಅಂಕೋಲೆಯ ಕೊಯ್ಲಾದ ಗದ್ದೆಯಲ್ಲಿ ಆಟ ನಡೆದ ಮರುದಿನ ಜನ ಹೊಗಳುವುದು ಕೌರವನನ್ನು, ಭಸ್ಮಾಸುರನನ್ನು; ಬಾಯಲ್ಲಿ ಉಳಿದಿರುವುದು ಮಾತ್ರ ಹಾಸ್ಯಗಾರನ ಮಾತು. ಹೀಗಿದ್ದೂ ಯಕ್ಷಗಾನದ ಹಾಸ್ಯವೆಂದರೆ ಬಾಳೆಲೆಯ ತುದಿಯ ಉಪ್ಪಿನಕಾಯಿ ಎಂದು ತಳ್ಳಿಬಿಡುವ ರಸಿಕರು ಕಾರವಾರದಿಂದ ಭಟ್ಕಳದವರೆಗೂ ಇದ್ದಾರೆ. ನನಗಿದು ಒಪ್ಪಿಗೆಯಿಲ್ಲ. ರಾಜನನ್ನು ರಾಜನೆಂದು ನಾವು ನಂಬುವುದೇ ಎದುರಿಗೆ ನಡುಗುತ್ತ ನಿಂತ ದೂತನ ದೆಸೆಯಿಂದ. ‘ಭೀಷ್ಮ ವಿಜಯ’ದ ಮುದಿ ಬ್ರಾಹ್ಮಣನನ್ನು ನೋಡಿ. ಅಂಬೆಯನ್ನು ಸಾಲ್ವನಲ್ಲಿಗೆ ತಲುಪಿಸುವುದಷ್ಟೇ ಅವನ ಕೆಲಸ. ಅವನಿಗೆ ಒದಗುವ ಪದ್ಯ ಕಡಿಮೆ. ಮಿಕ್ಕಿದ್ದೆಲ್ಲ ಕಲಾವಿದ ರಂಗಸ್ಥಳದಲ್ಲೇ ಹುಟ್ಟಿಸಬೇಕು. ಬಾಗಿದ ಸೊಂಟ, ಕೈಯಲ್ಲೊಂದು ಕೋಲು, ಮದ್ದಳೆಯ ಪೆಟ್ಟಿಗಿಂತ ತುಸು ಹಿಂದೆ ಬೀಳುವ ಹೆಜ್ಜೆ. ತಾಳ ಬಾರದವನ ಹೆಜ್ಜೆ ತಪ್ಪಿಯೇ ಹೋಗುತ್ತದೆ. ಇವನದು ತಪ್ಪಿದಂತೆ ಕಂಡು ಮುಕ್ತಾಯಕ್ಕೆ ಸರಿಯಾಗಿ ಬಂದು ಕೂರುತ್ತದೆ. ದಾರಿಯುದ್ದಕ್ಕೂ ಅವನು ನಗಿಸಿರುವುದರಿಂದಲೇ ಸಾಲ್ವ ಒಲ್ಲೆನೆಂದ ಗಳಿಗೆಯಲ್ಲಿ ಅಂಬೆಯ ಅಳು ಕರುಳಿಗೆ ತಾಗುವುದು.

ಹಳಬರಿಗೆ ಈ ಬೆಲೆ ಗೊತ್ತಿತ್ತು. ಹೊನ್ನಾವರದ ಕರ್ಕಿಯಲ್ಲಿ ತಲೆಮಾರುಗಳಿಂದ ಆಟ ಕಟ್ಟಿದ ಮನೆತನದ ಅಡ್ಡಹೆಸರೇ ಹಾಸ್ಯಗಾರ. ಪಾತ್ರ ಹಗುರದ್ದಾಗಿದ್ದರೆ ಮಕ್ಕಳು ಮರಿಗಳಿಗೆ ಆ ಹೆಸರನ್ನು ಯಾರು ಉಳಿಸುತ್ತಿದ್ದರು? ಬಡಗುತಿಟ್ಟಿನ ಕುಂಜಾಲು ರಾಮಕೃಷ್ಣ ನಾಯಕರು ಹೆಸರಾದದ್ದೂ ಹಾಸ್ಯದಿಂದಲೇ. ಹಾಸ್ಯಗಾರ ಎಂದೂ ಕಥಾನಾಯಕನಾಗಲಾರ, ಇವತ್ತು ದೂತ, ನಾಳೆ ಮಡಿವಾಳ, ನಾಡಿದ್ದು ಮಂಥರೆ ಎನ್ನುವ ಆಕ್ಷೇಪ ನಿಜ. ಸಿನಿಮಾದ ಹಾಸ್ಯನಟರ ಕಥೆಯೂ ಇದೇ: ಹಾಲಿವುಡ್‌ನ ಎರಿಕ್ ಬ್ಲೋರ್ 1935ರ ‘ಟಾಪ್ ಹ್ಯಾಟ್’ನಲ್ಲಿ ಮಾಡಿದ್ದು ಮನೆಯಾಳಿನ ಪಾತ್ರ, ಬೇರೆ ಚಿತ್ರಗಳಲ್ಲೂ ಹೆಚ್ಚಾಗಿ ಅದೇ. ನಮ್ಮ ನರಸಿಂಹರಾಜು ಬೆಳ್ಳಿತೆರೆಗೆ ಬಂದದ್ದು 1954ರ ‘ಬೇಡರ ಕಣ್ಣಪ್ಪ’ದಲ್ಲಿ, ರಾಜಕುಮಾರ್ ನಾಯಕರಾದ ಮೊದಲ ಚಿತ್ರದಲ್ಲೇ, ಆಮೇಲೆ ಎಷ್ಟೋ ಚಿತ್ರಗಳಲ್ಲಿ ನಾಯಕನ ಪಕ್ಕ ಅವರೇ ಬೇಕಾಯಿತು. ಒಂದೇ ಬಗೆಯ ಪಾತ್ರವನ್ನು ಹಳಸದಂತೆ ಉಳಿಸಿಕೊಳ್ಳುವುದು ಹೊಸ ಪಾತ್ರ ಹಿಡಿಯುವುದಕ್ಕಿಂತ ಕಷ್ಟದ ವಿದ್ಯೆ.

ಇದಕ್ಕಿಂತ ಗಟ್ಟಿಯಾದ ದೂರು ಇನ್ನೊಂದಿದೆ: ಹಾಸ್ಯವೆಂದರೆ ಪೋಲಿ ಮಾತು, ಸಿನಿಮಾ ಡೈಲಾಗು, ದ್ವಾಪರಯುಗದಲ್ಲಿ ಮೊಬೈಲು. ಹೌದು, ಕೇಳಲಾಗದಷ್ಟು ಆಗುವುದುಂಟು. ಆದರೆ ರಾಜ ಗ್ರಾಂಥಿಕ ಕನ್ನಡ ಬಿಟ್ಟು ಇಳಿಯುವಂತಿಲ್ಲ. ದೂತ ಅಂಕೋಲೆಯಲ್ಲಿ ಊರವರ ಮಾತನ್ನೇ ಆಡಬಲ್ಲ, ಕಾರವಾರಕ್ಕೆ ಬಂದರೆ ನಡುವೆ ಕೊಂಕಣಿಯನ್ನೂ ತೂರಿಸಬಲ್ಲ. ಈ ಸಲಿಗೆ ಇರುವಲ್ಲಿ ಜಾರುವುದೂ ಇದ್ದದ್ದೇ. ಅಳತೆ ತಪ್ಪುವುದು ಅವನೊಬ್ಬನ ಚಾಳಿಯೂ ಅಲ್ಲ. ಅರ್ಥ ಹೇಳುತ್ತ ಹೇಳುತ್ತ ಸಾಯುವುದನ್ನೇ ಮರೆಯುವ ಕರ್ಣರಿಲ್ಲವೇ! ಆದರೂ ಕಾಲಮಿತಿಯ ಆಟದಲ್ಲಿ ಕತ್ತರಿ ಮೊದಲು ಹುಡುಕುವುದು ಹಾಸ್ಯವನ್ನು. ಯುದ್ಧದ ಗಿರಕಿ ನಾಲ್ಕು ಕಡಿಮೆಯಾದರೆ ಯಾರಿಗೂ ನಷ್ಟವಿಲ್ಲ. ಸಾಲ ವಸೂಲಿಗೆ ಬೆನ್ನುಹತ್ತಿದ ನಕ್ಷತ್ರಿಕನ ಕಾಟವನ್ನು ಹತ್ತು ನಿಮಿಷಕ್ಕೆ ಮುಗಿಸಿಬಿಟ್ಟರೆ ಹರಿಶ್ಚಂದ್ರ ಪಟ್ಟ ಪಾಡು ಯಾರಿಗೆ ಗೊತ್ತಾಗಬೇಕು?