ಚೌಕುಳಿಯ ಮೇಲೆ ಕೆ.ಜಿ.ಎಫ್

ಬಂಗಾರಪೇಟೆ ಜಂಕ್ಷನ್ನಿನ ಪ್ಲಾಟ್‌ಫಾರ್ಮು ಹಳಿ ಬಿಟ್ಟು ಪಕ್ಕದ ಹೊಲದಲ್ಲಿ ನಿಂತಿದೆ. ಅದರ ನೆತ್ತಿಯ ಮೇಲೆ ಸೆಸ್ನಾ 172 ವಿಮಾನವೊಂದು ಅಲ್ಲಾಡದೆ ತೂಗಿಕೊಂಡಿದೆ. ಪೈಲಟ್ ಆಟವನ್ನು ಅಲ್ಲಿಗೇ ನಿಲ್ಲಿಸಿ ಕಾಫಿ ಕುಡಿಯುತ್ತಿದ್ದಾನೆ. ಚಿನ್ನದ ಗಣಿಯ ಊರಾದ ಕೆ.ಜಿ.ಎಫ್ ಅನ್ನು ಕಂಪ್ಯೂಟರಿನೊಳಗೆ ಕಟ್ಟಲು ಹೊರಟ ಹವ್ಯಾಸಿ ಈತ.

ಎಕ್ಸ್-ಪ್ಲೇನ್ ಸಿಮ್ಯುಲೇಟರ್ ಭೂಮಿಯನ್ನು ಒಂದೊಂದು ಡಿಗ್ರಿಯ ತುಂಡಾಗಿ ಕತ್ತರಿಸಿಟ್ಟಿದೆ. ಕೆ.ಜಿ.ಎಫ್ ಇರುವ ತುಂಡಿನ ಹೆಸರು +12+078. ಬಂಗಾರಪೇಟೆಯೂ ಅದರಲ್ಲೇ ಸೇರುತ್ತದೆ, ಆದರೆ ತೀರಾ ಅಂಚಿನಲ್ಲಿ. 13ನೇ ಅಕ್ಷಾಂಶ ಅಲ್ಲಿಂದ ಕೂಗಳತೆಯ ದೂರ. ಕೋಲಾರಕ್ಕೆ ಹೋಗಬೇಕೆಂದರೆ ಬೇರೆಯೇ ಕಡತ.

ಹಳಿ ತಪ್ಪಿದ ಪ್ಲಾಟ್‌ಫಾರ್ಮಿಗೆ ಮದ್ದು ಚೌಕುಳಿ. ನೂರು ಮೀಟರಿಗೊಂದು ಗೆರೆ ಎಳೆದು, ಪ್ರತಿ ಮನೆಗೂ ಅಂಕಿ ಬರೆದ ಚಿತ್ರವನ್ನು ಎಕ್ಸ್-ಪ್ಲೇನಿನ ದೃಶ್ಯ ತಿದ್ದುವ ಸಾಧನವಾದ ವರ್ಲ್ಡ್ ಎಡಿಟರ್‌ನಲ್ಲಿ ನೆಲದ ಮೇಲೆ ಚಾಪೆಯಂತೆ ಹಾಸಬೇಕು. ಚೌಕಾಬಾರ ಆಡಿದವರಿಗೆ ಮುಂದಿನದನ್ನು ಹೇಳಿಕೊಡಬೇಕಿಲ್ಲ. ಉಪಗ್ರಹ ಚಿತ್ರದಲ್ಲಿ ನಿಲ್ದಾಣ 47ನೇ ಮನೆಯಲ್ಲಿದೆ, ತಾನು ಕಟ್ಟಿದ್ದು 48ರಲ್ಲಿ ಕೂತಿದೆ. ಕಾಯಿ ಹಿಂದಕ್ಕೆ ನಡೆಸಿದರಾಯಿತು. ಇನ್ನೂ ನಾಜೂಕು ಬೇಕಾದವರು ಅಕ್ಷಾಂಶ-ರೇಖಾಂಶದ ಒಂದೊಂದು ಸೆಕೆಂಡಿನ ಚೌಕ ಹಾಕುತ್ತಾರೆ. ಈ ಸೀಮೆಯಲ್ಲಿ ಅದು ಉದ್ದಕ್ಕೆ ಸುಮಾರು 31 ಮೀಟರ್, ಅಡ್ಡಕ್ಕೆ 30. ಲಂಡನ್ನಿನ ಹವ್ಯಾಸಿಗೆ ಆ ಭಾಗ್ಯವಿಲ್ಲ, ಅವನ ಚೌಕ ಅಡ್ಡಕ್ಕೆ 19 ಮೀಟರಿಗೆ ಸೊರಗುತ್ತದೆ.

ನಿಜವಾದ ಪೇಚಾಟ ಸೈನೈಡ್ ಗುಡ್ಡಗಳದ್ದು.

ಚಿನ್ನ ತೆಗೆದು ಉಳಿದ ಪುಡಿಯ ರಾಶಿ ಅವು. ಮಳೆ ಬಂದರೆ ಕೊರೆದುಹೋಗುತ್ತವೆ, ಗಾಳಿ ಬಂದರೆ ಹಾರುತ್ತವೆ. ಹಲವು ಸಿಮ್ಯುಲೇಟರುಗಳ ನೆಲಕ್ಕೆ ಆಧಾರ, 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಸುತ್ತಿ ರಾಡಾರಿನಲ್ಲಿ ಅಳೆದ ಎತ್ತರ. ಗಣಿ ಆಗಿನ್ನೂ ನಡೆಯುತ್ತಿತ್ತು, ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಮೇಲೆ ಹೊದಿಸುವ ಚಿತ್ರವೋ ಎಷ್ಟೋ ಮಳೆಗಾಲಗಳ ಈಚಿನದು. ಹಳೆಯ ಮೈಗೆ ಹೊಸ ಅಂಗಿ, ಗುಂಡಿ ಕೂಡುವುದಿಲ್ಲ. ಗುಡ್ಡದ ಅಂಚನ್ನು ನಂಬಿ ಊರು ಜರುಗಿಸಿದವನು ಕೆಟ್ಟ. ಗಣಿ ಶಾಫ್ಟಿನ ಕಬ್ಬಿಣದ ಗೋಪುರವೂ ಅಷ್ಟೇ: ಓರೆಯಿಂದ ತೆಗೆದ ಚಿತ್ರದಲ್ಲಿ ತುದಿ ವಾಲಿರುತ್ತದೆ, ಬುಡ ನೋಡಿಯೇ ಕೂರಿಸಬೇಕು.

ಹಳೆಯ ಸರ್ವೆ ನಕ್ಷೆ ಹಾಸಿದರೆ ಮತ್ತೊಂದು ತಮಾಷೆ. ಭೂಮಿಯ ಆಕಾರಕ್ಕೆ ಅದು ಹಿಡಿದ ಎವರೆಸ್ಟ್ ಲೆಕ್ಕಕ್ಕೂ ಇಂದಿನ ಜಿಪಿಎಸ್ ಲೆಕ್ಕಕ್ಕೂ ನೂರು ಮೀಟರಿಗೂ ಮೀರಿದ ವ್ಯತ್ಯಾಸ. ಪರಿವರ್ತನೆ ಮಾಡದೆ ಅಂಟಿಸಿದರೆ ಇಡೀ ಊರು ಒಂದು ಮನೆ ಆಚೆಗೆ ಹೋಗಿ ಕೂರುತ್ತದೆ.

ಕೊನೆಗೆ ಈತ ನೆಚ್ಚಿಕೊಂಡದ್ದು 1894ರ ರೈಲುಹಳಿಯನ್ನು. ಕೋರಮಂಡಲ, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ: ನಾಲ್ಕು ನಿಲ್ದಾಣ, ನಾಲ್ಕು ಗೂಟ. ಊರೊಳಗಿನ ರಾಬರ್ಟ್‌ಸನ್‌ಪೇಟೆಯ ನೇರ ಅಡ್ಡರಸ್ತೆಗಳು ಆಮೇಲೆ ತಾವಾಗಿ ಗೆರೆಗೆ ಬಂದವು.

ಕಾಫಿ ಮುಗಿಸಿ ಆಟ ಬಿಟ್ಟಲ್ಲಿಂದಲೇ ಹಿಡಿದ. ಹಳಿಯ ಗುಂಟ ತಗ್ಗಿನಲ್ಲಿ ಹಾರುತ್ತಾ ಹೋದರೆ ಎಲ್ಲ ನೆಟ್ಟಗಿದೆ. ಮಾರಿಕುಪ್ಪಂನಲ್ಲಿ ಮಾತ್ರ, ಅಳಿಸಲು ಮರೆತ ಚೌಕುಳಿಯ ಗುಲಾಬಿ ಬಣ್ಣದ 112 ಪ್ಲಾಟ್‌ಫಾರ್ಮಿನ ಕೆಳಗಿಂದ ಅರ್ಧ ಇಣುಕುತ್ತಿದೆ.